ಹೊನ್ನಾವರದ ಈ ಹುಡುಗನನ್ನು ಮಕ್ಕಳಿಗೆ ಹೇಳಿಕೊಡಿ

ಮಾನ್ಯ ಸಂಪಾದಕರೇ,

ನಾನು ಹೊನ್ನಾವರದ ನಿವೃತ್ತ ಮೇಷ್ಟ್ರು. ಮೊನ್ನೆ ಮನೆಪಾಠಕ್ಕೆ ಬರುವ ಮಕ್ಕಳನ್ನು ‘ಸರ್ ನಾರಾಯಣ ಚಂದಾವರಕರ್ ಯಾರು?’ ಎಂದು ಕೇಳಿದೆ. ಒಬ್ಬ ಹುಡುಗ ‘ಕ್ರಿಕೆಟರಾ ಸರ್?’ ಅಂದ. ಅವನದೇನು ತಪ್ಪು, ಪಾಪ.

1855ರಲ್ಲಿ ಇದೇ ಊರಲ್ಲಿ ಹುಟ್ಟಿದವರು ಅವರು. ಕೊಂಕಣ ರೈಲಿನ ಕನಸೂ ಇಲ್ಲದ ಕಾಲದಲ್ಲಿ ಮುಂಬೈ ಸೇರಿ ಎಲ್ಫಿನ್‌ಸ್ಟನ್ ಕಾಲೇಜಲ್ಲಿ ಓದಿದರು. ವಕೀಲಿಕೆ ಮಾಡಿದರು, ‘ಇಂದುಪ್ರಕಾಶ’ ಪತ್ರಿಕೆಯ ಇಂಗ್ಲಿಷ್ ವಿಭಾಗದ ಸಂಪಾದಕರೂ ಆಗಿದ್ದರು. 1900ರ ಲಾಹೋರ್ ಕಾಂಗ್ರೆಸ್ ಅಧಿವೇಶನಕ್ಕೆ ಅವರೇ ಅಧ್ಯಕ್ಷರು. ಅದರ ಬೆನ್ನಿಗೇ, 1901ರಲ್ಲಿ, ಬಾಂಬೆ ಹೈಕೋರ್ಟ್ ನ್ಯಾಯಮೂರ್ತಿ! ಈಗ ಹೀಗಾದರೆ ಟಿವಿಯಲ್ಲಿ ವಾರಗಟ್ಟಲೆ ಗಲಾಟೆ, ಅಲ್ವಾ? ಜಡ್ಜ್ ಆಗಿದ್ದಾಗಲೇ ಮುಂಬೈ ವಿಶ್ವವಿದ್ಯಾಲಯದ ಕುಲಪತಿ ಹುದ್ದೆಯನ್ನೂ ನೋಡಿಕೊಂಡರು.

ನನಗೆ ಇದಕ್ಕಿಂತ ಜಾಸ್ತಿ ಇಷ್ಟವಾಗೋದು ಬೇರೆ. ಸಮಾಜ ಸುಧಾರಕ ರಾನಡೆ ತೀರಿಕೊಂಡ ಮೇಲೆ, ಧರ್ಮ ಮತ್ತು ಸಮಾಜದ ಸುಧಾರಣೆಗೆ ದುಡಿಯುತ್ತಿದ್ದ ಪ್ರಾರ್ಥನಾ ಸಮಾಜವನ್ನು ಮುನ್ನಡೆಸಿದವರು ಇವರೇ. ಹೈಕೋರ್ಟಿನ ನ್ಯಾಯಮೂರ್ತಿ ಅಲ್ಲಿ ನಿಂತು ಜಾತಿ ಭೇದದ ವಿರುದ್ಧ, ವಿಧವಾ ವಿವಾಹದ ಪರ ಮಾತಾಡುತ್ತಿದ್ದರು. ಮನೆಮಂದಿ, ನೆಂಟರಿಷ್ಟರು ಮುಖ ತಿರುಗಿಸುವ ವಿಷಯಗಳು ಅವು. ನೂರು ವರ್ಷದ ಮೇಲೂ ನಮ್ಮ ಕಡೆಯ ಮದುವೆ ಮನೆಗಳಲ್ಲಿ ಆ ಮಾತೆತ್ತಲು ಧೈರ್ಯ ಬೇಕು.

ಅವರು ಹುಟ್ಟಿದ್ದು ಡಿಸೆಂಬರ್ 2ರಂದು. ಆ ದಿನ ತಾಲ್ಲೂಕಿನ ಶಾಲೆಗಳಲ್ಲಿ ಹತ್ತು ನಿಮಿಷ ಅವರ ಬಗ್ಗೆ ಹೇಳಲಿ. ಸುಮ್ನೆ ಹಾರ ಹಾಕಿ ಫೋಟೋ ತೆಗೆಸಿಕೊಳ್ಳೋದು ಬೇಡ.

— ನಿವೃತ್ತ ಶಿಕ್ಷಕ, ಹೊನ್ನಾವರ