ಐವತ್ತು ಕಿಲೋಮೀಟರ್‌ಗೆ ಹೊರಟ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ನೋಡಿದೆ. ಕುಕ್ಕರಹಳ್ಳಿ ಕೆರೆ ಹತ್ತಿರ 8 ಕಿಲೋಮೀಟರ್, 44 ನಿಮಿಷ, ಜೊತೆಗೆ ನಾಲಿಗೆ ಹೊರಗೆ ಹಾಕಿಕೊಂಡ ಒಂದು ಫೋಟೊ. ನಾನು ಶಭಾಷ್ ಅನ್ನಲಿ ಅಂತ ಕಾದಿದ್ದೀಯ, ಗೊತ್ತು. ಅನ್ನುವುದಿಲ್ಲ. ಆ ನಾಲಿಗೆಯೇ ನಿನ್ನ ತೊಂದರೆ ಕಣೋ.

ಇದೆಲ್ಲ ಶುರುವಾಗಿದ್ದು ಕಾಮ್ರೇಡ್ಸ್ ಓಟದ ವಿಡಿಯೊದಿಂದ ಅಲ್ವಾ? ದಕ್ಷಿಣ ಆಫ್ರಿಕಾದಲ್ಲಿ ಡರ್ಬನ್‌ಗೂ ಪೀಟರ್‌ಮಾರಿಟ್ಸ್‌ಬರ್ಗ್‌ಗೂ ನಡುವೆ ಹತ್ತಿರ ಹತ್ತಿರ 90 ಕಿಲೋಮೀಟರ್. 1921ರಲ್ಲಿ ಮೊದಲ ಸಲ ಹೊರಟವರು 34 ಜನ, ಮುಗಿಸಿದವರು 16. ಈಗ ಸಾವಿರಗಟ್ಟಲೆ ಓಡುತ್ತಾರೆ. ಓಟ ಶುರುವಾಗಿ 12 ಗಂಟೆ ಆದ ಕ್ಷಣ ಒಬ್ಬರು ಓಟಗಾರರಿಗೆ ಬೆನ್ನು ಹಾಕಿ ನಿಂತು ಗನ್ ಹಾರಿಸುತ್ತಾರೆ. ಆಮೇಲೆ ಗೆರೆ ಮುಟ್ಟಿದರೂ ಲೆಕ್ಕಕ್ಕಿಲ್ಲ. ನೀನು ಕಣ್ಣೊರೆಸಿಕೊಂಡಿದ್ದು ಅಲ್ಲೇ. ಆದರೆ ಆ ದಾರಿಯ ಏರುಗಳಲ್ಲಿ ಎಷ್ಟು ಜನ ಆರಾಮಾಗಿ ನಡೆದುಕೊಂಡು ಹೋಗುತ್ತಾರೆ, ಇನ್ನೊಂದು ಸಲ ನೋಡು. 12 ಗಂಟೆಗೆ 90 ಅಂದರೆ ಕಿಲೋಮೀಟರಿಗೆ 8 ನಿಮಿಷ. ನೀನು ಮೊನ್ನೆ ಓಡಿದ್ದು ಐದೂವರೆ ನಿಮಿಷದಲ್ಲಿ. ಯಾವ ಬಸ್ಸು ಹಿಡಿಯೋಕಪ್ಪಾ?

ಮುಂದಿನ ವರ್ಷ ಮಲ್ನಾಡ್ ಅಲ್ಟ್ರಾದಲ್ಲಿ 50 ಕಿಲೋಮೀಟರ್ ಓಡಬೇಕು ಅಂದೆ. ಅಲ್ಟ್ರಾ ಅಂದರೆ ಮ್ಯಾರಥಾನ್‌ಗಿಂತ ಉದ್ದದ ಓಟ. ಮ್ಯಾರಥಾನ್ 42.195, ಅದರ ಮೇಲೆ ಬರೀ 8 ಕಿಲೋಮೀಟರ್ ಅಂತಲೂ ಅಂದೆ. ಆ ಎಂಟು ಟಾರು ರಸ್ತೆಯಲ್ಲಿಲ್ಲ. ಚಿಕ್ಕಮಗಳೂರಿನ ಕಾಫಿ ತೋಟದೊಳಗಿದೆ. ಏರು, ಇಳಿಜಾರು, ಕೆಸರು, ಮಳೆ ಬಿದ್ದಿದ್ದರೆ ಇಂಬಳ ಕೂಡ.

ಹಾಗಾಗಿ ಮೊದಲ ಮೂರು ತಿಂಗಳು ಕಿಲೋಮೀಟರ್ ಮರೆತುಬಿಡು, ನಿಮಿಷ ಎಣಿಸು. ಮಂಗಳವಾರ, ಗುರುವಾರ 40 ನಿಮಿಷ. ಶನಿವಾರ ಒಂದು ಗಂಟೆಯಿಂದ ಶುರು ಮಾಡಿ, ವಾರಕ್ಕೆ ಹತ್ತು ನಿಮಿಷದಂತೆ ಏರಿಸು. ಭಾನುವಾರ ಸುಮ್ನೆ ನಡಿ. ಕಾಲು ಭಾರ ಇರುತ್ತದೆ. ಇರಲಿ, ಸುಸ್ತಾದ ಕಾಲಲ್ಲಿ ಹೆಜ್ಜೆ ಹಾಕುವುದು ರೂಢಿಯಾಗಬೇಕು. ನಾಲ್ಕನೇ ವಾರ ಎಲ್ಲವನ್ನೂ ಮೂರರಲ್ಲೊಂದು ಪಾಲು ಕಡಿಮೆ ಮಾಡು. ಅದನ್ನು ಮಾತ್ರ ನೀನು ಮಾಡುವುದಿಲ್ಲ, ನನಗೆ ಗೊತ್ತು. ಮಾಡು.

ಎಷ್ಟು ನಿಧಾನ ಅಂತೀಯಾ? ಓಡುತ್ತಾ ಅಮ್ಮನಿಗೆ ಫೋನ್ ಮಾಡು. ನೀನು ಓಡುತ್ತಿದ್ದೀಯ ಅಂತ ಅವರಿಗೆ ಗೊತ್ತಾಗಬಾರದು. 'ಯಾಕೋ ಏದುಸಿರು ಬಿಡ್ತಿದೀಯ' ಅಂದರೆ ಅಲ್ಲೇ ನಡಿಗೆಗೆ ಇಳಿ.

ಇಷ್ಟು ಹೇಳುವುದಕ್ಕೆ ಕಾರಣ ಇದೆ. ನಾನು ಮೊದಲ ವರ್ಷ ವಾರಕ್ಕೆ 15 ಕಿಲೋಮೀಟರ್ ಓಡುತ್ತಿದ್ದವನು ಮೂರೇ ವಾರದಲ್ಲಿ 40ಕ್ಕೆ ಹಾರಿದೆ. ಉಸಿರು ಚೆನ್ನಾಗಿತ್ತು, ಅದಕ್ಕೇ ಮೋಸ ಹೋದೆ. ಎದೆ, ಶ್ವಾಸಕೋಶ ಬೇಗ ಪಳಗುತ್ತವೆ. ಮೂಳೆ, ಸ್ನಾಯುರಜ್ಜು ತಿಂಗಳುಗಟ್ಟಲೆ ಹಿಡಿಯುತ್ತವೆ. ಒಂದು ಬೆಳಿಗ್ಗೆ ಮೊಣಕಾಲಿನ ಕೆಳಗೆ, ಮುಂದಿನ ಮೂಳೆಯ ಒಳಬದಿಯಲ್ಲಿ ನೋವು. ಡಾಕ್ಟರು ಹೆಬ್ಬೆರಳಿನಿಂದ ಒತ್ತುತ್ತಾ ಬಂದರು. ಎರಡು ಬೆರಳಗಲದ ಒಂದು ಜಾಗಕ್ಕೆ ಬಂದಾಗ ನಾನು ಮಂಚದಿಂದ ಎಗರಿಬಿದ್ದೆ. 'ಆರು ವಾರ ಓಡಬೇಡಿ' ಅಂದರು. ಆರು ವಾರ ಗೋಡೆ ಹಿಡಿದು ಹಿಮ್ಮಡಿ ಎತ್ತುವ ವ್ಯಾಯಾಮ, ಬೇರೆಯವರ ಓಟದ ಫೋಟೊಗೆ ಲೈಕು, ಅಷ್ಟೇ ನನ್ನ ಕೆಲಸ.

ಮೈಸೂರಲ್ಲಿದ್ದೀಯ, ಪುಣ್ಯವಂತ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಮನೆ ಬಾಗಿಲಲ್ಲೇ ಇದೆ. ಹದಿನೈದು ದಿನಕ್ಕೊಮ್ಮೆ ಹತ್ತು, ನಡೆದೇ ಹತ್ತು. ಮೊದಮೊದಲು ನಂದಿವರೆಗೆ ಸಾಕು. ಇಳಿಯುವಾಗ ಹುಷಾರು. ಇಳಿಯುವಾಗ ತೊಡೆಯ ಮಾಂಸಖಂಡ ಮೈಭಾರಕ್ಕೆ ಬ್ರೇಕ್ ಹಾಕುತ್ತಲೇ ಹಿಗ್ಗುತ್ತದೆ, ಅದರ ನೋವು ಮಾರನೇ ದಿನ, ಅದರ ಮಾರನೇ ದಿನ ಬರುತ್ತದೆ. ಮೊದಲ ಸಲ ಇಳಿದ ಮೇಲೆ ನಾನು ಎರಡು ದಿನ ಪಾಯಿಖಾನೆಯಲ್ಲಿ ನಲ್ಲಿ ಹಿಡಿದುಕೊಂಡು ಕೂರಬೇಕಾಯಿತು. ಎರಡನೇ ಸಲ ಅಷ್ಟು ನೋವಾಗುವುದಿಲ್ಲ, ಕಾಲು ನೆನಪಿಟ್ಟುಕೊಳ್ಳುತ್ತದೆ.

ಹೊಟ್ಟೆಗೂ ಈಗಿನಿಂದಲೇ ಪಾಠ ಬೇಕು. ಒಂದೂವರೆ ಗಂಟೆ ದಾಟಿದ ಓಟದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್ ಬೇಕಾಗುತ್ತದೆ. ಒಂದು ಪಚ್ಚಬಾಳೆ ಅಂದರೆ ಸುಮಾರು 25 ಗ್ರಾಂ. ಓಟಗಾರರು ಹೀರುವ ಆ ದುಬಾರಿ ಸಕ್ಕರೆ ಜೆಲ್ ಆಮೇಲೆ ನೋಡಿಕೊಳ್ಳೋಣ. ಉಪ್ಪು ಹಾಕಿದ ಬೇಯಿಸಿದ ಆಲೂಗಡ್ಡೆ, ಬೆಲ್ಲದ ಕಡಲೆ ಚಿಕ್ಕಿ ಸಾಕು. ನನಗೆ ಪುಳಿಯೋಗರೆ ಉಂಡೆ ಆಗಿಬಂತು, ನನ್ನ ಜೊತೆ ಓಡುವವನಿಗೆ ಅದೇ ಹುಳಿತೇಗು. ನಿನಗೆ ಯಾವುದು ಆಗುತ್ತದೆ ಅಂತ ಶನಿವಾರಗಳಲ್ಲಿ ತಿಂದು ನೋಡಬೇಕು. ನೀರು ಮಾತ್ರ ಬಾಯಾರಿದಷ್ಟೇ ಕುಡಿ. ಬರೀ ನೀರನ್ನೇ ಲೀಟರುಗಟ್ಟಲೆ ಸುರಿದುಕೊಂಡರೆ ರಕ್ತದಲ್ಲಿ ಸೋಡಿಯಂ ತೆಳುವಾಗುತ್ತದೆ. ವಾಂತಿ, ತಲೆ ಗೊಂದಲ, ಕೊನೆಗೆ ಜೀವಕ್ಕೇ ಅಪಾಯ.

ಶೂ ವಿಷಯ: ಸಂಜೆ ಹೊತ್ತು ಕೊಳ್ಳಲು ಹೋಗು, ಆಗ ಪಾದ ಊದಿರುತ್ತದೆ. ಹೆಬ್ಬೆರಳ ಮುಂದೆ ಒಂದು ಬೆರಳಗಲ ಜಾಗ ಬಿಡು. ಉಗುರು ಕತ್ತರಿಸು. ತೊಡೆಸಂದಿಗೆ ವ್ಯಾಸಲಿನ್. ಮಿಕ್ಕಿದ್ದು ಬೇಕಾಗಿಲ್ಲ.

ಮುಂದಿನ ಶನಿವಾರ ನಾನೇ ಮೈಸೂರಿಗೆ ಬರುತ್ತಿದ್ದೇನೆ. ಬೆಳಿಗ್ಗೆ ಐದೂವರೆಗೆ ಬೆಟ್ಟದ ಪಾದದ ಹತ್ತಿರ ಇರು. ವಾಚು ಮನೆಯಲ್ಲಿ ಬಿಟ್ಟು ಬಾ. ಎರಡು ಬಾಳೆಹಣ್ಣು ತಾ, ಒಂದು ನನಗೆ. ದೋಸೆ ದುಡ್ಡು ನಿನ್ನದು.

ಇಂತಿ ನಿನ್ನ,
ಹಳೇ ರೂಮ್‌ಮೇಟ್