ದುಡ್ಡಿನ ಲೆಕ್ಕ ಇಡಲಾರದವನು ಅಪಾಯದ ಮನುಷ್ಯ ಅಲ್ಲ: ನಮ್ಮ ಸೆನೆಟರ್‌ಗೆ ಒಂದು ಬಹಿರಂಗ ಪತ್ರ

ಮಾನ್ಯ ಸೆನೆಟರ್ ಅವರೇ,

ನಮಸ್ಕಾರ. ನಾನು ಮಿಷಿಗನ್‌ನಲ್ಲಿ ನೆಲೆಸಿ 19 ವರ್ಷ ಆಯಿತು. ನಿಮಗೆ ಓಟು ಹಾಕಿದವರಲ್ಲಿ ನಾನೂ ಒಬ್ಬಳು. ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಅದನ್ನೇ ಕನ್ನಡದಲ್ಲೂ ಬರೆದು ಎಲ್ಲರ ಮುಂದೆ ಇಡುತ್ತಿರುವುದಕ್ಕೆ ಕಾರಣ ಇದೆ. ಇಲ್ಲಿನ ನಮ್ಮ ಕನ್ನಡದ ಮನೆಗಳಲ್ಲಿ ಮನಸ್ಸಿನ ಕಾಯಿಲೆಯ ಮಾತು ಬಂದರೆ ದನಿ ತಗ್ಗುತ್ತದೆ. ಆ ಕಾಯಿಲೆಗೆ ಸರ್ಕಾರದ ನೆರವು ಕೇಳುವ ಮಾತು ಬಂದರೆ ಇನ್ನೂ ತಗ್ಗುತ್ತದೆ. ತಗ್ಗಿದ ದನಿಯಲ್ಲಿ ಗಾಳಿಸುದ್ದಿ ಬೇಗ ಹಬ್ಬುತ್ತದೆ. ‘ಆ ದುಡ್ಡು ತಗೊಂಡರೆ ಎಫ್‌ಬಿಐ ಪಟ್ಟಿಗೆ ಹೆಸರು ಹೋಗಿ, ಬಂದೂಕು ಇಟ್ಟುಕೊಳ್ಳುವ ಹಕ್ಕು ಹೋಗುತ್ತಂತೆ’ ಅನ್ನುವುದು ಅಂಥ ಒಂದು ಸುದ್ದಿ.

ನನ್ನ ಗೆಳತಿಯ ಮಗನಿಗೆ 26 ವರ್ಷ. ಕಾಲೇಜಿನ ಎರಡನೇ ವರ್ಷದಲ್ಲಿ ಅವನಿಗೆ ಕಿವಿಯಲ್ಲಿ ಯಾರೋ ಮಾತಾಡಿದ ಹಾಗೆ ಕೇಳಿಸಲು ಶುರುವಾಯಿತು. ಈಗ ಮಾತ್ರೆಯ ಮೇಲೆ ಚೆನ್ನಾಗಿಯೇ ಇದ್ದಾನೆ, ಆದರೆ ಪೂರ್ತಿ ದಿನ ಕೆಲಸ ಮಾಡಲಾರ. ದುಡ್ಡು ಅವನ ಕೈಯಲ್ಲಿ ನಿಲ್ಲುವುದಿಲ್ಲ. ಹೋದ ವರ್ಷ ಬಾಡಿಗೆಗೆ ಇಟ್ಟಿದ್ದ ಹಣವನ್ನೆಲ್ಲ ಒಂದೇ ವಾರದಲ್ಲಿ ಯಾರ್ಯಾರಿಗೋ ಕೊಟ್ಟು ಬಂದಿದ್ದ. ಅವತ್ತಿನಿಂದ ಅವನ ಅಮ್ಮ ಒಂದು ನೋಟ್‌ಬುಕ್ ಇಟ್ಟಿದ್ದಾಳೆ. ಎಡಗಡೆ ಪುಟದಲ್ಲಿ ಮಾತ್ರೆ, ಬಲಗಡೆ ಪುಟದಲ್ಲಿ ದುಡ್ಡು. ಪ್ರತಿ ರಾತ್ರಿ ಇಬ್ಬರೂ ಕೂತು ಬರೆಯುತ್ತಾರೆ.

ಅವನಿಗೆ ಕೇಂದ್ರ ಸರ್ಕಾರದ ಸೋಷಿಯಲ್ ಸೆಕ್ಯುರಿಟಿ ಇಲಾಖೆಯ ಅಂಗವೈಕಲ್ಯ ನೆರವು ಸಿಗಬಹುದು. ದುಡ್ಡು ನೋಡಿಕೊಳ್ಳಲು ಪ್ರತಿನಿಧಿಯಾಗಿ ಅಮ್ಮನನ್ನೇ ನೇಮಿಸಲೂಬಹುದು. ಅರ್ಜಿಯ ಕವರು ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಬಾಟಲಿಯ ಪಕ್ಕ ಐದು ತಿಂಗಳಿಂದ ಕೂತಿದೆ. ಅವನು ಸಹಿ ಹಾಕುತ್ತಿಲ್ಲ. ‘ಆಂಟೀ, ರೈಫಲ್ ಹೋದರೆ ಹೋಗಲಿ. ಆದರೆ ನಾನು ಅಪಾಯದ ಮನುಷ್ಯ ಅಂತ ಎಲ್ಲೋ ಒಂದು ಕಂಪ್ಯೂಟರಿನಲ್ಲಿ ಬರೆದಿಡುತ್ತಾರಲ್ವಾ, ಅದು ನನಗೆ ಬೇಡ’ ಅಂದ. ನವೆಂಬರ್ 15ಕ್ಕೆ ಜಿಂಕೆ ಬೇಟೆಯ ಸೀಸನ್ ಶುರುವಾದಾಗ ಹೈಸ್ಕೂಲ್ ಗೆಳೆಯ ಮತ್ತು ಗೆಳೆಯನ ತಂದೆಯ ಜೊತೆ ಕಾಡಿಗೆ ಹೋಗುವುದು ಅವನ ವರ್ಷದ ದೊಡ್ಡ ಸಂತೋಷ. (ಅವರ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.)

ಅವನ ಭಯವನ್ನು ಸುಮ್ನೆ ತಳ್ಳಿಹಾಕಬೇಡಿ. ಅದಕ್ಕೆ ಬೇರು ಇದೆ.

1968ರ ಬಂದೂಕು ಕಾಯ್ದೆಯಲ್ಲಿ ಬಂದೂಕು ಇಟ್ಟುಕೊಳ್ಳಬಾರದವರ ಒಂದು ಪಟ್ಟಿ ಇದೆ. ಕೋರ್ಟು ಅಥವಾ ಅಧಿಕಾರ ಇರುವ ಬೇರೆ ಸಂಸ್ಥೆ ಯಾರನ್ನು ‘ಮೆಂಟಲ್ ಡಿಫೆಕ್ಟಿವ್’ (ಮನಸ್ಸಿನಲ್ಲಿ ದೋಷ ಇರುವವನು) ಎಂದು ತೀರ್ಮಾನಿಸಿದೆಯೋ ಅವರು ಆ ಪಟ್ಟಿಯಲ್ಲಿದ್ದಾರೆ. ಮನುಷ್ಯನನ್ನು ಕೆಟ್ಟುಹೋದ ಸಾಮಾನಿನ ಹಾಗೆ ಕರೆಯುವ ಈ ಮಾತು ಇವತ್ತಿಗೂ ಕಾಯ್ದೆಯಲ್ಲಿ ಹಾಗೇ ಇದೆ. ಇದರ ಅರ್ಥ ಏನು ಅಂತ ನಿಯಮಗಳಲ್ಲಿ ವಿವರಿಸಿದ್ದಾರೆ. ಕಾಯಿಲೆಯಿಂದಾಗಿ ತನಗೋ ಬೇರೆಯವರಿಗೋ ಅಪಾಯ ತರುವವನು ಎಂಬುದು ಒಂದು ಅರ್ಥ. ಅದನ್ನು ಒಪ್ಪುತ್ತೇನೆ. ಅದರ ಬೆನ್ನಿಗೇ ‘ಅಥವಾ’ ಎಂದು ಇನ್ನೊಂದು ಅರ್ಥವೂ ಇದೆ: ತನ್ನ ವ್ಯವಹಾರ ತಾನು ನೋಡಿಕೊಳ್ಳಲಾರದವನು. ಇಬ್ಬರಿಗೂ ಒಂದೇ ಶಿಕ್ಷೆ. ನನ್ನ ತಕರಾರು ಪೂರ್ತಿ ಇರುವುದು ಈ ‘ಅಥವಾ’ದ ಮೇಲೆ.

ಆ ‘ಅಥವಾ’ ಏನೇನು ಮಾಡಿತು ನೋಡಿ. ಯುದ್ಧದಿಂದ ಬಂದ ಸೈನಿಕರಿಗೆ ಪಿಂಚಣಿ, ಪರಿಹಾರ ಕೊಡುವ ಇಲಾಖೆ, ದುಡ್ಡು ನೋಡಿಕೊಳ್ಳಲು ಬೇರೊಬ್ಬರನ್ನು ನೇಮಿಸಿದ ಕೂಡಲೇ ಆ ಸೈನಿಕನ ಹೆಸರನ್ನು, ಬಂದೂಕು ಕೊಳ್ಳಲು ಬಂದವರ ಹಿನ್ನೆಲೆ ನೋಡುವ ಎಫ್‌ಬಿಐನ ತಪಾಸಣಾ ಪಟ್ಟಿಗೆ ಕಳಿಸುತ್ತಿತ್ತು. ಈ ಪಟ್ಟಿ ಶುರುವಾದದ್ದು 1998ರಲ್ಲಿ. ಎಷ್ಟೋ ವರ್ಷ ಇದು ಹೀಗೇ ನಡೆಯಿತು. ಇವನು ಅಪಾಯಕಾರಿಯಾ ಅಂತ ಯಾವ ನ್ಯಾಯಾಧೀಶರನ್ನೂ ಕೇಳಬೇಕಾಗಿರಲಿಲ್ಲ. 2024ರ ಮಾರ್ಚ್‌ನಲ್ಲಿ ನಿಮ್ಮ ಸಂಸತ್ತು ಬಜೆಟ್ ಮಸೂದೆಯಲ್ಲಿ ಒಂದು ಷರತ್ತು ಸೇರಿಸಿ, ನ್ಯಾಯಾಧೀಶರ ಆದೇಶ ಇಲ್ಲದೆ ಹೆಸರು ಕಳಿಸಲು ದುಡ್ಡು ಬಳಸಬಾರದು ಎಂದಿತು.

ಸೋಷಿಯಲ್ ಸೆಕ್ಯುರಿಟಿಯ ಕಥೆ ಇನ್ನೊಂದು. 2012ರಲ್ಲಿ ಕನೆಕ್ಟಿಕಟ್ ರಾಜ್ಯದ ನ್ಯೂಟೌನ್ ಊರಿನ ಶಾಲೆಯಲ್ಲಿ ಒಬ್ಬ ಮಕ್ಕಳನ್ನು ಗುಂಡಿಟ್ಟು ಕೊಂದ ಮೇಲೆ ದೇಶವೇ ತತ್ತರಿಸಿತ್ತು. ಏನಾದರೂ ಮಾಡಬೇಕು ಎಂಬ ಒತ್ತಡ ಇತ್ತು. ಅದರ ಫಲವಾಗಿ 2016ರ ಡಿಸೆಂಬರ್‌ನಲ್ಲಿ ಒಂದು ನಿಯಮ ಬಂತು. ಮನಸ್ಸಿನ ಕಾಯಿಲೆಗೆ ನೆರವು ಪಡೆಯುತ್ತ, ದುಡ್ಡಿಗೆ ಪ್ರತಿನಿಧಿ ಇರುವವರ ಹೆಸರನ್ನು ಪಟ್ಟಿಗೆ ಕಳಿಸಬೇಕು ಎಂದಿತು. ವರ್ಷಕ್ಕೆ ಸುಮಾರು 75,000 ಜನರ ಹೆಸರು ಹೋಗುತ್ತದೆ ಎಂದು ಇಲಾಖೆಯೇ ಅಂದಾಜು ಮಾಡಿತ್ತು. ಬಂದೂಕಿನ ಪರ ಇರುವವರಷ್ಟೇ ಅಲ್ಲ, ನಾಗರಿಕ ಹಕ್ಕುಗಳ ಸಂಸ್ಥೆ ಎಸಿಎಲ್‌ಯು ಕೂಡ ಬೇಡ ಅಂತು. ಅಂಗವಿಕಲರ ವಿಷಯದಲ್ಲಿ ಸರ್ಕಾರಕ್ಕೆ ಸಲಹೆ ಕೊಡುವ ರಾಷ್ಟ್ರೀಯ ಮಂಡಳಿಯೂ ಬೇಡ ಅಂತು. 2017ರ ಫೆಬ್ರವರಿ 28ರಂದು ಅಧ್ಯಕ್ಷರ ಸಹಿಯೊಂದಿಗೆ ಆ ನಿಯಮ ರದ್ದಾಯಿತು. ಹೆಸರು ಕಳಿಸುವ ಕೆಲಸ ಇನ್ನೂ ಶುರುವೇ ಆಗಿರಲಿಲ್ಲ.

ಹಾಗಾಗಿ ನಮ್ಮವರಿಗೆ ಇದನ್ನು ಸ್ಪಷ್ಟವಾಗಿ ಹೇಳುತ್ತೇನೆ: ಮನಸ್ಸಿನ ಕಾಯಿಲೆಗೆ ಅಂಗವೈಕಲ್ಯದ ನೆರವು ಪಡೆದರೆ ಅಷ್ಟಕ್ಕೇ ಬಂದೂಕಿನ ಹಕ್ಕು ಹೋಗುವುದಿಲ್ಲ. ಡಾಕ್ಟರ ಹತ್ತಿರ ಹೋದರೆ ಹೋಗುವುದಿಲ್ಲ. ತಾನಾಗಿಯೇ ಆಸ್ಪತ್ರೆಗೆ ಸೇರಿದರೂ ಈ ಕಾಯ್ದೆಯ ಪ್ರಕಾರ ಹೋಗುವುದಿಲ್ಲ. ಆದರೆ ಸೆನೆಟರ್ ಅವರೇ, ನಿಯಮದಲ್ಲಿ ಆ ‘ಅಥವಾ’ ಇರುವವರೆಗೆ ನಾನು ಇದನ್ನು ಹೇಳಿದರೂ ಜನ ಪೂರ್ತಿ ನಂಬುವುದಿಲ್ಲ. ಒಂದು ಸರ್ಕಾರ ತಂದದ್ದನ್ನು ಮುಂದಿನದು ತೆಗೆದದ್ದನ್ನು ಅವರು ನೋಡಿದ್ದಾರೆ.

ಬಂದೂಕಿನ ಮೇಲೆ ನನಗೇನೂ ಕುರುಡು ಮೋಹ ಇಲ್ಲ, ಆದರೆ ಅದು ನನಗೆ ಹೊಸ ವಸ್ತುವೂ ಅಲ್ಲ. ನಾನು ಕೊಡಗಿನವಳು. ನಮ್ಮಲ್ಲಿ ಅದಕ್ಕೆ ಕೋವಿ ಅನ್ನುತ್ತೇವೆ. ನಮ್ಮ ಆಯುಧಗಳ ಹಬ್ಬ ಕೈಲ್‌ಪೊಳ್ದ್ ದಿನ ಅದನ್ನು ಒರೆಸಿ, ನಳಿಕೆಗೆ ತೋಕ್‌ಪೂ ಎಂಬ ಹೂ ಸಿಕ್ಕಿಸಿ, ದೇವರ ಮುಂದೆ ಇಡುತ್ತೇವೆ. ಒಂದು ವರ್ಷ ಮೆಣಸು, ಕಾಫಿ ಎರಡೂ ಕೈಕೊಟ್ಟಾಗ ನನ್ನ ಚಿಕ್ಕಪ್ಪ ಊಟ, ಮಾತು ಎಲ್ಲ ಬಿಟ್ಟು ಮೂಲೆ ಹಿಡಿದಿದ್ದರು. ಆಗ ಅಜ್ಜ ಯಾರಿಗೂ ಏನೂ ಹೇಳದೆ ಕೋವಿಯನ್ನು ಗೋಣಿಯಲ್ಲಿ ಸುತ್ತಿ ದೊಡ್ಡಪ್ಪನ ಮನೆಯಲ್ಲಿಟ್ಟು ಬಂದರು. ಮುಂದಿನ ಕೈಲ್‌ಪೊಳ್ದ್‌ಗೆ ಅದು ವಾಪಸ್ ಬಂತು. ಹೂ ಸಿಕ್ಕಿಸಿದವರು ಚಿಕ್ಕಪ್ಪನೇ. ಅಜ್ಜ ನೋಡಿದ್ದು ಆ ಹೊತ್ತಿನ ಅಪಾಯವನ್ನು. ಚಿಕ್ಕಪ್ಪನಿಗೆ ತೋಟದ ಲೆಕ್ಕ ಬರೆಯಲು ಬರುತ್ತದಾ ಅಂತ ನೋಡಲಿಲ್ಲ.

ಅಪಾಯ ಸುಳ್ಳಲ್ಲ. 2021ರಲ್ಲಿ ಈ ದೇಶದಲ್ಲಿ ಗುಂಡಿನಿಂದ ಸತ್ತವರು 48,830 ಜನ. ಅವರಲ್ಲಿ 26,328 ಜನ ತಮ್ಮ ಪ್ರಾಣ ತಾವೇ ತೆಗೆದುಕೊಂಡವರು. ಕೊಲೆಗಿಂತ ಇದೇ ಜಾಸ್ತಿ. ಮನಸ್ಸು ಕುಸಿದಿರುವ ಮನೆಯಲ್ಲಿ ಆ ಕೆಲವು ವಾರ ಬಂದೂಕು ಇರಬಾರದು. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಗೆಳತಿಯ ಮಗನೂ ಇದನ್ನು ಒಪ್ಪಿದವನು. ಅವನ ರೈಫಲ್ ಈಗ ಗೆಳೆಯನ ತಂದೆಯ ಲಾಕರ್‌ನಲ್ಲಿದೆ. ಕೊಟ್ಟವನು ಅವನೇ.

ಬಲವಂತ ಮಾಡಲೇಬೇಕಾದ ಹೊತ್ತಿಗೆ ನಮ್ಮ ರಾಜ್ಯದಲ್ಲಿ ದಾರಿ ಇದೆ. ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಗುಂಡಿನ ದಾಳಿಗೆ ಮೂವರು ವಿದ್ಯಾರ್ಥಿಗಳನ್ನು ಕಳೆದುಕೊಂಡ ಸರಿಯಾಗಿ ಒಂದು ವರ್ಷಕ್ಕೆ, 2024ರ ಫೆಬ್ರವರಿ 13ರಂದು, ಹೊಸ ಕಾನೂನು ಜಾರಿಗೆ ಬಂತು. ಅಪಾಯದಲ್ಲಿರುವವನ ಬಂದೂಕನ್ನು ಸ್ವಲ್ಪ ಕಾಲ ತೆಗೆದಿಡಿ ಎಂದು ಮನೆಯವರು, ಪೊಲೀಸರು, ವೈದ್ಯರು ಕೋರ್ಟಿಗೆ ಹೋಗಿ ಕೇಳಬಹುದು. ಆದೇಶ ಕೊಡುವವರು ನ್ಯಾಯಾಧೀಶರು. ಅದಕ್ಕೆ ಒಂದು ವರ್ಷದ ಅವಧಿ ಇದೆ, ಎದುರು ವಾದಿಸಲು ಅವಕಾಶ ಇದೆ. ಅಜ್ಜನ ಗೋಣಿಚೀಲಕ್ಕೆ ಹತ್ತಿರದ ಕಾನೂನು ನನಗೆ ಇದೇ ಅನ್ನಿಸುತ್ತದೆ.

ಕೇಂದ್ರದ ಕಾಯ್ದೆಯಲ್ಲಿ ವಾಪಸ್ ಬರುವ ದಾರಿಯೇ ಇಕ್ಕಟ್ಟು. ನಮ್ಮ ರಾಜ್ಯದ ಹಿಲ್ಸ್‌ಡೇಲ್ ಕೌಂಟಿಯವರೊಬ್ಬರ ಮೊಕದ್ದಮೆ ನಿಮಗೂ ಗೊತ್ತಿರಬೇಕು. 1980ರ ದಶಕದಲ್ಲಿ ಹೆಂಡತಿ ಬಿಟ್ಟುಹೋದ ಆಘಾತದಲ್ಲಿ ಅವರನ್ನು ಕೋರ್ಟಿನ ಆದೇಶದಿಂದ ಆಸ್ಪತ್ರೆಗೆ ಸೇರಿಸಿದ್ದರು. ಅಲ್ಲಿದ್ದದ್ದು ಒಂದು ತಿಂಗಳಿಗಿಂತ ಕಡಿಮೆ. ಆಮೇಲೆ ಕೆಲಸ ಮಾಡಿದರು, ಮತ್ತೆ ಮದುವೆಯಾದರು. ಕಾಲು ಶತಮಾನ ಕಳೆದ ಮೇಲೆ ಬಂದೂಕು ಕೊಳ್ಳಲು ಹೋದಾಗ, ಆ ಹಳೆಯ ಆದೇಶದ ಕಾರಣಕ್ಕೆ ಆಗುವುದಿಲ್ಲ ಅಂದರು. ಕೇಂದ್ರದಲ್ಲಿ ಹಕ್ಕು ವಾಪಸ್ ಕೇಳುವ ಅರ್ಜಿಗಳನ್ನು ನೋಡಲು ಸಂಸತ್ತು 1992ರಲ್ಲೇ ದುಡ್ಡು ಕೊಡುವುದನ್ನು ನಿಲ್ಲಿಸಿತ್ತು. ರಾಜ್ಯದಲ್ಲೂ ವ್ಯವಸ್ಥೆ ಇರಲಿಲ್ಲ. 2016ರಲ್ಲಿ ಮೇಲ್ಮನವಿ ಕೋರ್ಟು ಅವರ ವಾದಕ್ಕೆ ಬೆಲೆ ಕೊಡುವ ಹೊತ್ತಿಗೆ ಅವರಿಗೆ 74 ವರ್ಷ.

ನಿಮ್ಮಲ್ಲಿ ಕೇಳುವುದು ಇಷ್ಟು. ನಿಯಮದಲ್ಲಿರುವ ‘ತನ್ನ ವ್ಯವಹಾರ ನೋಡಿಕೊಳ್ಳಲಾರದವನು’ ಎಂಬ ಮಾತನ್ನು ಬಂದೂಕಿನ ವಿಷಯದಿಂದ ಕಿತ್ತುಹಾಕಿಸಿ, ಅಪಾಯದ ಮಾತು ಮಾತ್ರ ಉಳಿಯಲಿ. ನ್ಯಾಯಾಧೀಶರ ಮುಂದೆ ವಿಚಾರಣೆ ಆಗದೆ ಯಾವ ನೆರವಿನ ಕಚೇರಿಯೂ ಹೆಸರು ಕಳಿಸಬಾರದು ಎಂಬುದನ್ನು ಬಜೆಟ್ಟಿಗೆ ನೇತುಹಾಕದೆ ಶಾಶ್ವತ ಕಾಯ್ದೆ ಮಾಡಿ. ಆ 1968ರ ‘ಮೆಂಟಲ್ ಡಿಫೆಕ್ಟಿವ್’ ಎಂಬ ಹೆಸರನ್ನು ಬದಲಿಸಿ. ಇದಕ್ಕೆಲ್ಲ ಸಮಯ ಹಿಡಿಯುತ್ತದೆ, ಗೊತ್ತು. ಅದಕ್ಕೂ ಮುಂಚೆ ಒಂದು ಸಣ್ಣ ಕೆಲಸ ಆಗಬಹುದು. ಅಂಗವೈಕಲ್ಯದ ಅರ್ಜಿಯ ಮೊದಲ ಪುಟದಲ್ಲೇ, ಈ ನೆರವು ಪಡೆದರೆ ಬಂದೂಕಿನ ಹಕ್ಕಿಗೆ ಏನಾಗುತ್ತದೆ, ಏನಾಗುವುದಿಲ್ಲ ಎಂದು ಎರಡು ಸಾಲು ಅಚ್ಚು ಹಾಕಿಸಿ. ಹೈಸ್ಕೂಲ್ ಓದಿದವರಿಗೆ ಅರ್ಥವಾಗುವ ಮಾತಿನಲ್ಲಿ ಇರಲಿ, ಇಲಾಖೆಯ ಮೊಹರಿನ ಕೆಳಗೆ ಇರಲಿ.

ಅದು ಬಂದ ದಿನ ನಾನೇ ಆ ಪುಟವನ್ನು ಗೆಳತಿಯ ಮನೆಗೆ ತೆಗೆದುಕೊಂಡು ಹೋಗುತ್ತೇನೆ. ಕವರಿನ ಮೇಲೆ ಪೆನ್ನು ಇಟ್ಟೇ ಇದ್ದಾಳೆ.

ಇಂತಿ,
ನಿಮ್ಮ ಮತದಾರರಲ್ಲಿ ಒಬ್ಬಳು
ಮಿಷಿಗನ್