ಅಯೋಡಿನ್ ಚಿಕಿತ್ಸೆ: ಸೂಚನೆ ಕನ್ನಡದಲ್ಲಿರಲಿ, ಮೊದಲೇ ಸಿಗಲಿ

ಮಾನ್ಯ ಸಂಪಾದಕರೇ,

ಥೈರಾಯ್ಡ್ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾದ ಮೇಲೆ ಕೆಲವರಿಗೆ ವಿಕಿರಣಶೀಲ ಅಯೋಡಿನ್-131 ಕೊಡುತ್ತಾರೆ. ‘ಕರೆಂಟ್ ಕೊಡ್ತಾರಂತೆ’ ಎಂದು ಹೆದರಿಕೊಂಡೇ ಬರುವವರಿದ್ದಾರೆ. ಯಂತ್ರದ ಕೆಳಗೆ ಮಲಗಿಸುವ ಚಿಕಿತ್ಸೆ ಇದಲ್ಲ. ಒಂದು ಕ್ಯಾಪ್ಸೂಲ್ ಇಲ್ಲವೇ ತುಸು ದ್ರವ ನುಂಗಬೇಕು, ಅಷ್ಟೇ. ಎಡವಟ್ಟಾಗುವುದು ಅದಕ್ಕೆ ಹಿಂದಿನ ಎರಡು ವಾರದಲ್ಲಿ ಮತ್ತು ನುಂಗಿದ ನಂತರದ ಎರಡು ದಿನದಲ್ಲಿ. ಆದರೆ ಸೂಚನೆಯ ಹಾಳೆ ಎಷ್ಟೋ ಕಡೆ ಇಂಗ್ಲಿಷಿನಲ್ಲಿ, ಅದೂ ದಾಖಲಾಗುವ ದಿನವೇ ಕೈಗೆ ಬರುತ್ತದೆ. ದಿನಾಂಕ ಗೊತ್ತುಮಾಡುವಾಗಲೇ ಅದನ್ನು ಕನ್ನಡದಲ್ಲಿ ಕೊಟ್ಟು ಓದಿ ಹೇಳಬೇಕು ಎಂಬುದು ನಮ್ಮ ಕೋರಿಕೆ.

ಉಪ್ಪಿನ ವಿಷಯವನ್ನೇ ನೋಡಿ. ಶಸ್ತ್ರಚಿಕಿತ್ಸೆಯ ಮೇಲೂ ಉಳಿದ ಥೈರಾಯ್ಡ್ ಜೀವಕೋಶಗಳು ಅಯೋಡಿನ್‌ಗೆ ಹಸಿದಿದ್ದರೆ ಮಾತ್ರ ಮದ್ದನ್ನು ಹೀರುತ್ತವೆ. ಅದಕ್ಕಾಗಿಯೇ ಒಂದೆರಡು ವಾರದ ಪಥ್ಯ. ಪುಡಿ ಉಪ್ಪು ಬಿಟ್ಟು ಕಲ್ಲುಪ್ಪು ತಂದರೆ ಸಾಕೆಂಬ ನಂಬಿಕೆ ತಪ್ಪು; ಅಯೋಡಿನ್ ಬೆರೆಸಿದ ಕಲ್ಲುಪ್ಪೂ ಅಂಗಡಿಯಲ್ಲಿದೆ, ಪೊಟ್ಟಣ ಓದಿಯೇ ಕೊಳ್ಳಬೇಕು. ಅಯೋಡಿನ್ ಇಲ್ಲದ ಉಪ್ಪು ಹಾಕಿದ ಮುದ್ದೆ, ಅನ್ನ, ತರಕಾರಿ ಸಾರು ತಿನ್ನಬಹುದು. ಸಮುದ್ರದ ಮೀನು, ಸಿಗಡಿ, ಮೊಟ್ಟೆಯ ಹಳದಿ, ಹಾಲು ಮೊಸರು, ಬೇಕರಿ ತಿಂಡಿ, ಹೋಟೆಲ್ ಊಟ ಬೇಡ. ಗಾಯಕ್ಕೆ ಹಚ್ಚುವ ಬೆಟಾಡಿನ್‌ನಲ್ಲಿಯೂ ಅಯೋಡಿನ್ ಇದೆ. ಹಿಂದಿನ ಎರಡು ತಿಂಗಳಲ್ಲಿ ಅಯೋಡಿನ್ ಇರುವ ಡೈ ಚುಚ್ಚಿ ಸಿ.ಟಿ. ಸ್ಕ್ಯಾನ್ ಮಾಡಿಸಿದ್ದರೆ ಮುಚ್ಚಿಡದೆ ಹೇಳಿ, ಚಿಕಿತ್ಸೆ ಮುಂದೂಡಬೇಕಾಗಬಹುದು.

ರಕ್ತದಲ್ಲಿ ಟಿ.ಎಸ್.ಎಚ್. (ಥೈರಾಯ್ಡ್ ಜೀವಕೋಶಗಳನ್ನು ಅಯೋಡಿನ್ ಹೀರುವಂತೆ ಪ್ರಚೋದಿಸುವ ಹಾರ್ಮೋನು) ಸಾಮಾನ್ಯವಾಗಿ 30 ದಾಟಿರಬೇಕು. ಅದಕ್ಕೆ ಥೈರಾಯ್ಡ್ ಹಾರ್ಮೋನಿಗೆ ಬದಲಾಗಿ ಕೊಡುವ ಥೈರಾಕ್ಸಿನ್ ಮಾತ್ರೆಯನ್ನು ಮೂರು-ನಾಲ್ಕು ವಾರ ನಿಲ್ಲಿಸುತ್ತಾರೆ, ಇಲ್ಲವೇ ದಿನಕ್ಕೊಂದರಂತೆ ಎರಡು ಇಂಜೆಕ್ಷನ್ ಕೊಡುತ್ತಾರೆ. ಮಾತ್ರೆ ಬಿಟ್ಟಾಗ ಸುಸ್ತು, ಚಳಿ, ಮಲಬದ್ಧತೆ, ಮುಖ ಊದುವುದು ಇದ್ದದ್ದೇ. ತಾಳಲಾರದೆ ನಡುವೆ ಒಂದು ವಾರ ಮಾತ್ರೆ ನುಂಗಿದರೆ ಪಟ್ಟ ಪಾಡೆಲ್ಲ ವ್ಯರ್ಥ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಮಾತ್ರ ವೈದ್ಯರನ್ನು ಕೇಳದೆ ಬಿಡಬಾರದು.

ಗೊತ್ತಾದ ದಿನ ತಪ್ಪಿಸಬೇಡಿ. ಅಯೋಡಿನ್-131 ಎಂಟು ದಿನಕ್ಕೆ ಅರ್ಧವಾಗುತ್ತದೆ. ನಿಮಗೆಂದು ತರಿಸಿದ ಡೋಸ್ ಕಪಾಟಿನಲ್ಲಿ ಕಾಯುವುದಿಲ್ಲ. ಅಂದು ಬೆಳಿಗ್ಗೆ ಲಘುವಾಗಿ ತಿಂದು, ನುಂಗುವ ಮುಂಚೆ ಕನಿಷ್ಠ ಎರಡು ತಾಸು ಹೊಟ್ಟೆ ಖಾಲಿ ಇಡಿ. ಹೆಣ್ಣುಮಕ್ಕಳಿಗೆ ಗರ್ಭ ಪರೀಕ್ಷೆ ಕಡ್ಡಾಯ, ಅನುಮಾನಪಟ್ಟು ಕೇಳುತ್ತಾರೆಂದು ನೊಂದುಕೊಳ್ಳಬೇಡಿ. ಎದೆಹಾಲನ್ನು ಆರು ವಾರ ಮೊದಲೇ ಬಿಡಿಸಿರಬೇಕು. ಆ ಮಗುವಿಗೆ ಮತ್ತೆ ಕುಡಿಸುವಂತಿಲ್ಲ.

ಸಿಬ್ಬಂದಿ ಡೋಸ್ ಅಳೆದು ಸೀಸದ ಡಬ್ಬಿಯಲ್ಲಿ ತರುತ್ತಾರೆ. ದ್ರವವಾದರೆ ಸ್ಟ್ರಾದಿಂದ ಹೀರಿ, ಸೀಸೆಗೆ ನೀರು ಹಾಕಿಸಿಕೊಂಡು ಅದನ್ನೂ ಕುಡಿಯಬೇಕು. ಕ್ಯಾಪ್ಸೂಲ್ ಅಗಿಯಬಾರದು. ದೊಡ್ಡ ಭಯ ವಾಂತಿಯದು. ವಾಕರಿಕೆ ಬರುವ ಸ್ವಭಾವವಿದ್ದರೆ ಮೊದಲೇ ಹೇಳಿ, ಮಾತ್ರೆ ಕೊಡುತ್ತಾರೆ. ವಾಂತಿಯಾದರೆ ನೀವೇ ಒರೆಸಲು ಹೋಗಬೇಡಿ, ದೂರ ಸರಿದು ಗಂಟೆ ಒತ್ತಿ.

30 ಮಿಲಿಕ್ಯೂರಿಗಿಂತ (ಇದು ವಿಕಿರಣಶೀಲತೆಯ ಅಳತೆ) ಹೆಚ್ಚಿನ ಡೋಸ್ ಆದರೆ ಪ್ರತ್ಯೇಕ ಕೋಣೆಯಲ್ಲಿ ಎರಡು-ಮೂರು ದಿನ ಒಬ್ಬರೇ ಇರಬೇಕು. ಉಳಿದ ಅಯೋಡಿನ್ ಬಹುಪಾಲು ಮೂತ್ರದಲ್ಲಿ ಹೋಗುತ್ತದೆ, ಹಾಗಾಗಿ ನೀರು ಚೆನ್ನಾಗಿ ಕುಡಿಯಿರಿ, ಮೂತ್ರ ತಡೆಯಬೇಡಿ. ಗಂಡಸರೂ ಕುಳಿತೇ ಮಾಡಬೇಕು. ಆ ಶೌಚಾಲಯದ ನೀರು ವಿಕಿರಣ ಇಳಿಯುವವರೆಗೆ ಬೇರೆ ಟ್ಯಾಂಕಿನಲ್ಲಿ ನಿಲ್ಲುತ್ತದೆ. ಬಟ್ಟೆ, ಪ್ಯಾಡ್ ಹಾಕಿ ಪೈಪ್ ಕಟ್ಟಿಕೊಂಡರೆ ಅದನ್ನು ಬಿಡಿಸುವವರು ವಿಕಿರಣಕ್ಕೆ ಒಡ್ಡಿಕೊಳ್ಳಬೇಕಾಗುತ್ತದೆ. ಎಂಜಲೂ ವಿಕಿರಣಶೀಲ, ಮೂಳೆ, ಮಾವಿನ ಓಟೆಯಂಥ ಶೇಷ ಉಳಿಯುವ ಆಹಾರ ತರಬೇಡಿ. ಮೊಬೈಲ್‌ಗೆ ಪ್ಲಾಸ್ಟಿಕ್ ಹೊದಿಕೆ ಇರಲಿ. ಕಿವಿಯ ಕೆಳಗೆ ಊದಿಕೊಳ್ಳಬಹುದು, ಬಾಯಿರುಚಿ ಕೆಡಬಹುದು. ಜೊಲ್ಲು ಹರಿಯಲೆಂದು ನಿಂಬೆಹುಳಿ, ಪೆಪ್ಪರ್‌ಮಿಂಟ್ ಚೀಪುವುದು ಮರುದಿನದಿಂದ ಸಾಕು. ತೀರಾ ಬೇಗ ಶುರುಮಾಡಿದರೆ ಅಯೋಡಿನ್ ಜೊಲ್ಲುಗ್ರಂಥಿಗೇ ಹೆಚ್ಚು ಸೇರಬಹುದು. ತಲೆಗೂದಲು ಉದುರುವ ಭಯ ಸಾಮಾನ್ಯವಾಗಿ ಬೇಡ.

ಒಂದು ಮೀಟರ್ ದೂರದಿಂದ ವಿಕಿರಣ ಅಳೆದು, ಮಿತಿಯೊಳಗಿದ್ದರೆ ಮನೆಗೆ ಬಿಡುತ್ತಾರೆ. ಕೆಲ ದಿನಗಳ ನಂತರ ಇಡೀ ದೇಹದ ಸ್ಕ್ಯಾನ್ ಇರುತ್ತದೆ. ಥೈರಾಕ್ಸಿನ್ ಮತ್ತೆ ಯಾವಾಗಿನಿಂದ ಎಂಬುದನ್ನು ಬರೆಸಿಕೊಂಡೇ ಹೊರಡಿ. ಹೇಳಿದಷ್ಟು ದಿನ ಬೇರೆ ಹಾಸಿಗೆ, ಬೇರೆ ತಟ್ಟೆ-ಲೋಟ. ಗರ್ಭಿಣಿಯರು, ಚಿಕ್ಕ ಮಕ್ಕಳಿಂದ ಎರಡು ಮೀಟರ್ ದೂರ. ಒಂದು ಮೀಟರ್ ಎರಡಾದರೆ ತಗಲುವ ವಿಕಿರಣ ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವ ಅಜ್ಜಿಗೆ ಈ ಲೆಕ್ಕವನ್ನು ಅವರ ಮಾತಿನಲ್ಲೇ ಬಿಡಿಸಿ ಹೇಳುವವರು ವಾರ್ಡಿನಲ್ಲಿ ಇರಬೇಕು.

– ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದ ಸಿಬ್ಬಂದಿ, ಬೆಂಗಳೂರು